ಗಂಧವೋ ಬಿಸ್ಕತ್ತೋ? ಗೋಡೆಯ ಬಣ್ಣದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಮನೆಗೆ ಬಣ್ಣ ಹೊಡೆಸುವವರು ಎದುರು ಸಿಕ್ಕಾಗಲೂ ಪತ್ರದಲ್ಲೂ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ನೀಲಿಯೋ ಹಸಿರೋ ಎಂಬ ಗೊಂದಲ ಯಾರಿಗೂ ಇದ್ದಂತಿಲ್ಲ. ಶೇಡ್ ಕಾರ್ಡಿನಲ್ಲಿ ಅಕ್ಕಪಕ್ಕ ಕುಳಿತ ಎರಡು ಕೆನೆಬಣ್ಣಗಳ ಮುಂದೆ ಮಾತ್ರ ಎಲ್ಲರೂ ನಿಂತುಬಿಡುತ್ತಾರೆ. ಒಂದೇ ಬಣ್ಣಕ್ಕೆ ಕಂಪನಿಗೊಂದು ಹೆಸರಿರುವುದರಿಂದ ಕಂಪನಿಯ ಹೆಸರುಗಳನ್ನು ಬಿಟ್ಟು, ಹಳದಿಗೆ ವಾಲಿದ್ದನ್ನು ಗಂಧ ಎಂದೂ ಗುಲಾಬಿಗೋ ಬೂದಿಗೋ ವಾಲಿದ್ದನ್ನು ಬಿಸ್ಕತ್ತು ಎಂದೂ ಕರೆದಿದ್ದೇನೆ.

## ಮೊದಲ ಪ್ರಶ್ನೆಗಳು

ಎರಡೂ ಒಂದೇ ತರಹ ಕಾಣುತ್ತವೆ. ಇದಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕೇ?

ಸಾಮಾನಿನ ಕೋಣೆಗಾದರೆ ಬೇಡ, ಕೈಗೆ ಸಿಕ್ಕಿದ್ದನ್ನು ಹೊಡೆಸಿ. ನಡುಮನೆಗೆ ಮತ್ತು ಮಲಗುವ ಕೋಣೆಗೆ ಬೇಕು. ಅಲ್ಲಿ ಬಣ್ಣ ಒಪ್ಪಿಗೆಯಾಗದಿದ್ದರೆ ನಷ್ಟವಾಗುವುದು ಡಬ್ಬಿಯ ಹಣವಷ್ಟೇ ಅಲ್ಲ. ಕೂಲಿ, ಉಜ್ಜುವ ಕೆಲಸ, ಬೀರು ಮಂಚ ಎಳೆದಾಡುವ ರಗಳೆ ಎಲ್ಲವೂ ಎರಡನೆಯ ಸಲ ಬರುತ್ತವೆ. ಗೃಹಪ್ರವೇಶದ ದಿನ ಗೊತ್ತಾಗಿದ್ದರಂತೂ ಎರಡನೆಯ ಅವಕಾಶವೇ ಇರುವುದಿಲ್ಲ.

ಕಾರ್ಡಿನಲ್ಲಿ ಹಾಲಿನ ಕೆನೆಯಂತಿತ್ತು, ಗೋಡೆಗೆ ಬಂದ ಮೇಲೆ ಹಳದಿಯಾಗಿಬಿಟ್ಟಿತು. ಅಂಗಡಿಯವರು ಬೇರೆ ಡಬ್ಬಿ ಕೊಟ್ಟರೇ?

ಬಹುಪಾಲು ಡಬ್ಬಿ ಸರಿಯಾಗಿಯೇ ಇರುತ್ತದೆ. ಕಾರ್ಡಿನ ಚೂರು ಒಂಟಿ. ಕೋಣೆಯಲ್ಲಿ ನಾಲ್ಕು ಗೋಡೆ ಎದುರುಬದುರು ನಿಂತಿರುತ್ತವೆ. ಒಂದು ಗೋಡೆಗೆ ಬಿದ್ದ ಬೆಳಕು ಅದರ ಬಣ್ಣವನ್ನು ತುಸು ಹೊತ್ತುಕೊಂಡು ಎದುರಿನ ಗೋಡೆಗೆ ಹೋಗುತ್ತದೆ, ಅಲ್ಲಿಂದ ಮತ್ತೆ ಹಿಂದಕ್ಕೆ ಬರುತ್ತದೆ. ಹೀಗೆ ಪುಟಿದಷ್ಟೂ ಬಣ್ಣ ಗಟ್ಟಿಯಾಗುತ್ತದೆ. ಕೋಣೆಯ ಮೂಲೆಯಲ್ಲಿ ಎರಡು ಗೋಡೆ ಸೇರುವ ಜಾಗವನ್ನು ನೋಡಿದರೆ ಇದು ಕಣ್ಣಿಗೇ ಕಾಣುತ್ತದೆ: ಅಲ್ಲಿನ ಬಣ್ಣ ಗೋಡೆಯ ನಡುಭಾಗಕ್ಕಿಂತ ಹೆಚ್ಚು ಹಳದಿ. ಆದ್ದರಿಂದ ಕಾರ್ಡಿನಲ್ಲಿ 'ಇದು ಸ್ವಲ್ಪ ಸಪ್ಪೆಯಾಯಿತಲ್ಲ' ಎನಿಸುವ ಬಣ್ಣವೇ ಗೋಡೆಯ ಮೇಲೆ ಹದವಾಗಿ ಬರುವುದು ಹೆಚ್ಚು.

ಒಂದರಲ್ಲಿ ಗುಲಾಬಿ ಇದೆ, ಇನ್ನೊಂದರಲ್ಲಿ ಹಸಿರು ಇದೆ ಎನ್ನುತ್ತಾರೆ. ನನಗೆ ಎರಡೂ ಬಿಸ್ಕತ್ತೇ. ನೋಡುವುದು ಹೇಗೆ?

ಒಂದನ್ನೇ ನೋಡುತ್ತಾ ಕುಳಿತರೆ ಯಾರಿಗೂ ಕಾಣುವುದಿಲ್ಲ. ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರುಕಟ್ಟೆಗೆ ಹೋದವರಿಗೆ ಇದು ಗೊತ್ತು: ಮಿಶ್ರತಳಿ ಗೂಡಿನ ರಾಶಿಯೊಂದನ್ನೇ ನೋಡುವಾಗ ಕೆನೆಬಣ್ಣ ಎನಿಸಬಹುದು, ಪಕ್ಕದಲ್ಲಿ ದ್ವಿತಳಿಯ ಬಿಳಿ ಗೂಡು ಸುರಿದೊಡನೆ ಅದರ ಹಳದಿ ಎದ್ದು ಕಾಣುತ್ತದೆ. ಬಣ್ಣದ ಚೂರನ್ನೂ ಹಾಗೆಯೇ ಅಚ್ಚ ಬಿಳಿಯ ಕಾಗದದ ಮೇಲೆ ಇಟ್ಟು ನೋಡಿ. ಇನ್ನೂ ಅನುಮಾನವಿದ್ದರೆ ಕಾರ್ಡಿನ ಅದೇ ಪಟ್ಟಿಯಲ್ಲಿ ಕೆಳಗಡೆ ಇರುವ ಗಾಢ ಬಣ್ಣವನ್ನು ನೋಡಿ. ಅನೇಕ ಕಾರ್ಡುಗಳಲ್ಲಿ ಒಂದು ಪಟ್ಟಿಯೆಂದರೆ ಒಂದೇ ಕುಟುಂಬ. ತುದಿಯಲ್ಲಿ ಸಾಸಿವೆ ಬಣ್ಣವಿದ್ದರೆ ಮೇಲಿನ ತೆಳು ಕೆನೆಯಲ್ಲಿಯೂ ಅದೇ ಅಡಗಿರುತ್ತದೆ. ತುದಿಯಲ್ಲಿ ಇಟ್ಟಿಗೆಯ ಕೆಂಪಿದ್ದರೆ ನಿಮ್ಮ ಬಿಸ್ಕತ್ತು ಮುಂದೆ ಗುಲಾಬಿಯಾಗುವ ಜಾತಿ.

ಇದಕ್ಕೆ ಕಾರಣ ಅಂಗಡಿಯಲ್ಲಿ ಬಣ್ಣ ಬೆರೆಸಿಕೊಡುವ ಟಿಂಟಿಂಗ್ ಯಂತ್ರದಲ್ಲಿದೆ. ಇಂತಹ ಬೆಚ್ಚನೆಯ ತೆಳು ಬಣ್ಣಗಳೆಲ್ಲ ಬಹುತೇಕ ಬಿಳಿ ಬೇಸ್‌ಗೆ ಹಳದಿ ಆಕ್ಸೈಡ್, ಕೆಂಪು ಆಕ್ಸೈಡ್ ಮತ್ತು ಕಪ್ಪನ್ನು ತೊಟ್ಟು ತೊಟ್ಟಾಗಿ ಬಿಟ್ಟು ಮಾಡಿದವು. ಕೆಂಪಿನ ತೊಟ್ಟು ಹೆಚ್ಚಾದರೆ ಗುಲಾಬಿ. ಹಳದಿಗೆ ಕಪ್ಪು ಬಿದ್ದರೆ ಹಸಿರು. ನಂಬದವರು ಮಕ್ಕಳ ಬಣ್ಣದ ಡಬ್ಬಿಯಲ್ಲಿ ಕಲಸಿ ನೋಡಬಹುದು.

ಮಗ ಅಮೆರಿಕದಲ್ಲಿದ್ದಾನೆ. ಮೊಬೈಲ್‌ನಲ್ಲಿ ಫೋಟೊ ಕಳಿಸಿದರೆ ಆರಿಸಿ ಹೇಳುತ್ತೇನೆ ಎನ್ನುತ್ತಾನೆ.

ಸೋಫಾ ಆರಿಸಲಿ. ಮೊಬೈಲ್ ಕ್ಯಾಮೆರಾ ಪ್ರತಿ ಫೋಟೊದಲ್ಲಿಯೂ ಬೆಳಕಿನ ಹಳದಿಯನ್ನೋ ನೀಲಿಯನ್ನೋ ತಾನೇ ಕಳೆದುಬಿಡುತ್ತದೆ, ಆ ಕಳೆಯುವಿಕೆಯಲ್ಲಿ ನಿಮ್ಮ ಎರಡು ಬಣ್ಣಗಳ ನಡುವಿನ ಅಂತರವೂ ಹೋಗುತ್ತದೆ. ಒಂದೇ ಫೋಟೊದೊಳಗೆ ಎರಡನ್ನೂ ಬಿಳಿ ಕಾಗದದ ಜೊತೆ ಇಟ್ಟು ತೆಗೆದರೆ ಯಾವುದು ಹೆಚ್ಚು ಹಳದಿ ಎಂಬಷ್ಟು ತಿಳಿಯಬಹುದು, ಅದಕ್ಕಿಂತ ಹೆಚ್ಚಿಲ್ಲ.

## ನಿಮ್ಮ ಕೋಣೆಯನ್ನು ನೋಡಿಕೊಳ್ಳುವುದು

ನಮ್ಮದು ಹಳೆಯ ಮನೆ, ರೆಡ್ ಆಕ್ಸೈಡ್ ನೆಲ. ಅದಕ್ಕೆ ಯಾವುದು ಹೊಂದುತ್ತದೆ?

ನನ್ನನ್ನು ಕೇಳಿದರೆ ಗಂಧ. ಕೆಂಪು ನೆಲ ಕಿಟಕಿಯ ಬೆಳಕನ್ನು ಕೆಂಪಾಗಿಸಿ ಗೋಡೆಯ ಕೆಳಭಾಗಕ್ಕೆ ಎರಚುತ್ತದೆ. ಬಿಸ್ಕತ್ತಿನಲ್ಲಿ ಮೊದಲೇ ಗುಲಾಬಿ ಇದ್ದರೆ ಸ್ಕರ್ಟಿಂಗ್‌ನಿಂದ ಮೊಣಕಾಲೆತ್ತರದವರೆಗೆ ಅದು ಪೂರಾ ಗುಲಾಬಿಯಾಗಿ, ಮೇಲೆ ಬೇರೆಯೇ ಬಣ್ಣವಾಗಿ ಕಾಣುತ್ತದೆ. ಹಳದಿಗೆ ವಾಲಿದ ಬಣ್ಣ ಆ ಕೆಂಪನ್ನು ನುಂಗಿಕೊಂಡು ಒಂದೇ ಸಮನಾಗಿ ನಿಲ್ಲುತ್ತದೆ. ಹಸಿರಿನ ಸೋಂಕಿರುವುದು ಮಾತ್ರ ಬೇಡ. ಕೆಂಪಿನ ಪಕ್ಕ ಹಸಿರು ಇದ್ದದ್ದಕ್ಕಿಂತ ಹೆಚ್ಚು ಹಸಿರಾಗಿ ಕಾಣುತ್ತದೆ. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಶೆವ್ರೆಲ್ 1839ರಲ್ಲಿಯೇ ಇದನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಆತ ನೇಯ್ಗೆ ಕಾರ್ಖಾನೆಯ ಬಣ್ಣದ ವಿಭಾಗವನ್ನು ನೋಡಿಕೊಳ್ಳುತ್ತಿದ್ದವನು. ಕಪ್ಪು ನೂಲು ಮಾಸಲಾಗಿದೆ ಎಂಬ ದೂರು ಬಂದಾಗ ಪರೀಕ್ಷಿಸಿ, ತಪ್ಪು ಕಪ್ಪಿನದಲ್ಲ, ಅದರ ಪಕ್ಕದಲ್ಲಿ ನೇಯ್ದ ಬಣ್ಣಗಳದು ಎಂದು ಕಂಡುಕೊಂಡ.

ಬೂದು ಗ್ರಾನೈಟ್ ಹಾಸಿದ ಮನೆಯಲ್ಲಿ ಲೆಕ್ಕ ತಿರುಗುತ್ತದೆ. ಬೂದಿಯ ಎದುರು ಎಂತಹ ಕೆನೆಯೂ ಇನ್ನಷ್ಟು ಬೆಚ್ಚಗೆ ಕಾಣುವುದರಿಂದ ಗಂಧ ಅತಿಯಾಗಬಹುದು. ಬೂದಿಗೆ ವಾಲಿದ ಬಿಸ್ಕತ್ತು ಸಾಕು. ಐವರಿ ಬಣ್ಣದ ವಿಟ್ರಿಫೈಡ್ ಟೈಲ್ಸ್ ಇದ್ದರೆ ಒಂದೇ ಎಚ್ಚರ: ಗೋಡೆಯ ಹಳದಿಯೂ ಟೈಲ್ಸಿನ ಹಳದಿಯೂ ಒಂದೇ ದಿಕ್ಕಿನವಾಗಿರಲಿ. ಹಳದಿ ಟೈಲ್ಸ್ ಮೇಲೆ ಗುಲಾಬಿ ಗೋಡೆ ಬಂದರೆ ಎಷ್ಟು ಒರೆಸಿದರೂ ನೆಲ ಕೊಳೆಯಾದಂತೆಯೇ ಕಾಣುತ್ತದೆ. ತೇಗದ ಬಾಗಿಲಿನ ಪಾಲಿಶ್‌ಗೂ ಇದೇ ಮಾತು. ಕೆಂಪು ಪಾಲಿಶ್ ಆಗಿದ್ದರೆ ಅದನ್ನೂ ಕೆಂಪು ನೆಲದ ಲೆಕ್ಕಕ್ಕೆ ಸೇರಿಸಿ.

ಉತ್ತರದ ಕೋಣೆಗೆ ಬೆಚ್ಚನೆಯ ಬಣ್ಣ, ದಕ್ಷಿಣದ ಕೋಣೆಗೆ ತಣ್ಣನೆಯದು ಎಂದು ಎಲ್ಲ ಕಡೆ ಬರೆದಿರುತ್ತಾರೆ. ನಮ್ಮೂರಿಗೂ ಅದೇ ಸೂತ್ರವೇ?

ಪೂರ್ತಿ ಅಲ್ಲ. ಆ ಸೂತ್ರ ಯುರೋಪು, ಅಮೆರಿಕದ ಮನೆಗಳಿಗಾಗಿ ಹುಟ್ಟಿದ್ದು. ಅಲ್ಲಿ ನಡುಹಗಲಿನ ಸೂರ್ಯ ವರ್ಷವಿಡೀ ದಕ್ಷಿಣಕ್ಕೇ ಇರುತ್ತಾನೆ, ಉತ್ತರದ ಕಿಟಕಿಗೆ ಆಕಾಶದ ನೀಲಿ ಬೆಳಕೇ ಗತಿ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಪಟ್ಟಣಗಳು ಮೂರೂ 13ರಿಂದ 13.5 ಡಿಗ್ರಿ ಉತ್ತರ ಅಕ್ಷಾಂಶದ ನಡುವೆ ಇವೆ. ಇಲ್ಲಿ ಏಪ್ರಿಲ್ 24ರ ಸುಮಾರಿಗೆ ಸೂರ್ಯ ನೇರ ನೆತ್ತಿಗೆ ಬರುತ್ತಾನೆ. ಅಲ್ಲಿಂದ ಆಗಸ್ಟ್ 18ರ ಸುಮಾರಿನವರೆಗೆ ನಡುಹಗಲಿನಲ್ಲಿ ಅವನು ಉತ್ತರದ ಕಡೆಗೇ ಇರುತ್ತಾನೆ. ಮಧ್ಯಾಹ್ನದ ಬಿಸಿಲನ್ನು ಸಜ್ಜ ತಡೆದರೂ ಬೆಳಗಿನ ಮತ್ತು ಸಂಜೆಯ ಓರೆ ಬಿಸಿಲು ಆ ತಿಂಗಳುಗಳಲ್ಲಿ ಉತ್ತರದ ಕಿಟಕಿಯಿಂದ ಒಳಗೆ ಬರುತ್ತದೆ. ಡಿಸೆಂಬರ್‌ನಲ್ಲಿ ಇದು ಉಲ್ಟಾ: ನಡುಹಗಲಿನಲ್ಲಿಯೂ ಸೂರ್ಯ ದಕ್ಷಿಣದ ದಿಗಂತದಿಂದ ಸುಮಾರು 53 ಡಿಗ್ರಿ ಎತ್ತರದಲ್ಲಷ್ಟೇ ಇರುವುದರಿಂದ ದಕ್ಷಿಣದ ಕಿಟಕಿಯಲ್ಲಿ ಬಿಸಿಲು ಸಜ್ಜದ ಕೆಳಗೆ ನುಸುಳುತ್ತದೆ.

ಹಾಗಾಗಿ ಉತ್ತರದ ಕೋಣೆಯ ಬಣ್ಣವನ್ನು ಮೇ ತಿಂಗಳಲ್ಲಿ ಆರಿಸಿದವರು ಡಿಸೆಂಬರ್‌ನಲ್ಲಿ ಅದನ್ನೇ ನೋಡಿ 'ಯಾಕೋ ಕಳೆಗುಂದಿದೆ' ಎನ್ನುತ್ತಾರೆ. ಅಲ್ಲಿಗೆ ಎರಡರಲ್ಲಿ ಹೆಚ್ಚು ಬೆಚ್ಚನೆಯದು ಸುರಕ್ಷಿತ. ಪಶ್ಚಿಮದ ಕೋಣೆಗೆ ಕಡಿಮೆ ಹಳದಿಯದೇ ಒಳ್ಳೆಯದು, ಸಂಜೆಯ ಕೆಂಪು ಬಿಸಿಲಿಗೆ ಗಂಧ ಕಿತ್ತಳೆಯಾಗಿಬಿಡುತ್ತದೆ. ಪೂರ್ವದ ಕೋಣೆ ಬೆಳಿಗ್ಗೆ ಹತ್ತರವರೆಗೆ ಚೆಂದ, ಉಳಿದ ಹೊತ್ತು ಉತ್ತರದ ಕೋಣೆಯಂತೆಯೇ.

ಹಗಲು ಚೆನ್ನಾಗಿರುತ್ತದೆ, ರಾತ್ರಿ ಲೈಟ್ ಹಾಕಿದರೆ ಗೋಡೆ ಜ್ವರ ಬಂದವರ ಮುಖದಂತೆ ಆಗುತ್ತದೆ. ಏನು ಮಾಡಲಿ?

ಬಣ್ಣ ಬದಲಿಸುವ ಮೊದಲು ಬಲ್ಬ್ ಬದಲಿಸಿ, ಖರ್ಚು ಕಡಿಮೆ. ಎಲ್‌ಇಡಿ ಡಬ್ಬದ ಮೇಲೆ ಕೆಲ್ವಿನ್ ಲೆಕ್ಕದಲ್ಲಿ ಒಂದು ಅಂಕಿ ಇರುತ್ತದೆ. ನಮ್ಮ ಕಡೆ ಮನೆಗಳಲ್ಲಿ ತುಂಬಾ ಕಾಣುವುದು 6500 ಕೆಲ್ವಿನ್, ಅಂದರೆ ನೀಲಿ ಬೆರೆತ ಬಿಳಿ. ಅದರಡಿಯಲ್ಲಿ ಗಂಧ ಹಸಿರುಮಿಶ್ರಿತವಾಗಿ ಮಂಕಾಗುತ್ತದೆ, ಗುಲಾಬಿ ಬಿಸ್ಕತ್ತು ಬೂದಿಯಾಗುತ್ತದೆ. 2700ರಿಂದ 3000 ಕೆಲ್ವಿನ್ ಬಲ್ಬು ಬೆಚ್ಚನೆಯದು, ಎರಡು ಬಣ್ಣಗಳನ್ನೂ ಹಳದಿಯ ಕಡೆ ತಳ್ಳುತ್ತದೆ. 4000 ನಡುವಿನದು, ಇಂತಹ ಗೋಡೆಗಳಿಗೆ ನಾನು ಹೇಳುವುದು ಇದನ್ನೇ, ಓದಲಿಕ್ಕೂ ಆಗುತ್ತದೆ. ಡಬ್ಬದ ಮೇಲೆ ಸಿಆರ್‌ಐ ಎಂಬ ಇನ್ನೊಂದು ಅಂಕಿ ಇದ್ದರೆ 90 ಅಥವಾ ಹೆಚ್ಚಿನದನ್ನು ತೆಗೆದುಕೊಳ್ಳಿ. ಅದು ಕಡಿಮೆಯಿದ್ದಲ್ಲಿ ಗೋಡೆಯಷ್ಟೇ ಅಲ್ಲ, ಸೀರೆಯ ಬಣ್ಣವೂ ನಿಜವಾಗಿ ಕಾಣುವುದಿಲ್ಲ.

ಬಲ್ಬಿನ ತೀರ್ಮಾನ ಮೊದಲು, ಬಣ್ಣದ್ದು ಆಮೇಲೆ. ಈ ಕ್ರಮ ಹೆಚ್ಚು ಮನೆಗಳಲ್ಲಿ ತಲೆಕೆಳಗಾಗಿಯೇ ನಡೆಯುತ್ತದೆ.

ಕಿಟಕಿಯ ಎದುರಿಗೇ ಪಕ್ಕದ ಮನೆಯ ಗೋಡೆ. ಅದರಿಂದ ವ್ಯತ್ಯಾಸವಾಗುತ್ತದೆಯೇ?

ದಿಕ್ಕಿಗಿಂತ ಹೆಚ್ಚು ವ್ಯತ್ಯಾಸ ಇದರಿಂದಲೇ. 30×40 ನಿವೇಶನದ ಬಡಾವಣೆಗಳಲ್ಲಿ ಎರಡು ಮನೆಗಳ ನಡುವೆ ಒಬ್ಬರು ನಡೆದುಹೋಗುವಷ್ಟೇ ಜಾಗವಿರುತ್ತದೆ. ನಿಮ್ಮ ಕೋಣೆಗೆ ಬರುವ ಬೆಳಕು ನೆರೆಯವರ ಗೋಡೆಗೆ ತಗುಲಿ ಬಂದದ್ದು. ಅವರು ಗಿಳಿಹಸಿರು ಹೊಡೆಸಿದ್ದರೆ ನಿಮ್ಮ ಕೆನೆಯಲ್ಲಿ ಹಸಿರು ಸೇರುತ್ತದೆ. ಗುಬ್ಬಿ, ತಿಪಟೂರಿನ ಕಡೆ ತೋಟದ ಮನೆಗಳಲ್ಲಿ ತೆಂಗು ಅಡಿಕೆಯ ನೆರಳಿನದೂ ಇದೇ ಕೆಲಸ. ಅಲ್ಲಿಗೆ ತುಸು ಗುಲಾಬಿಯ ಬಿಸ್ಕತ್ತು ಹೊಂದುತ್ತದೆ, ಹಸಿರಿಗೆ ಅದು ತಡೆ. ಕೋಲಾರದ ಕಡೆ ಕೆಮ್ಮಣ್ಣಿನ ಬಯಲು ಎದುರಿಗಿದ್ದರೆ ಮಣ್ಣಿನ ಕೆಂಪು ಒಳಗೆ ಬರುತ್ತದೆ, ಅಲ್ಲಿಗೆ ಗಂಧ.

ವಾಸ್ತು ಪ್ರಕಾರ ಈ ದಿಕ್ಕಿಗೆ ಹಳದಿಯೇ ಆಗಬೇಕು ಎಂದಿದ್ದಾರೆ.

ನಿಮ್ಮ ಮುಂದಿರುವ ಎರಡೂ ಬಣ್ಣ ಹಳದಿಯ ನೆಂಟರೇ. ನಂಬಿಕೆಯೂ ಉಳಿಯುತ್ತದೆ, ಆಯ್ಕೆಯೂ ಉಳಿಯುತ್ತದೆ.

## ಹಚ್ಚಿ ನೋಡುವುದು

ಸ್ಯಾಂಪಲ್ ಹಚ್ಚಿ ನೋಡುವ ಸರಿಯಾದ ಕ್ರಮ ಯಾವುದು?

ಗೋಡೆಯ ಮೇಲೆ ಅಕ್ಕಪಕ್ಕ ಎರಡು ಅಂಗೈಯಗಲ ಬಳಿದು ದೂರ ನಿಂತು ನೋಡುವುದು ರೂಢಿ. ಅದರಿಂದ ಪ್ರಯೋಜನ ಕಡಿಮೆ. ಹಳೆಯ ಗೋಡೆಯ ಬಣ್ಣ ಸುತ್ತಲೂ ಇಣುಕುತ್ತದೆ, ಜೊತೆಗೆ ಎರಡು ತೇಪೆಗಳು ಒಂದನ್ನೊಂದು ಕೆಡಿಸುತ್ತವೆ.

ಹೀಗೆ ಮಾಡಿ. ಪ್ರತಿ ಬಣ್ಣಕ್ಕೆ ಎರಡೆರಡು ದಪ್ಪ ರಟ್ಟು ಅಥವಾ ಹಾರ್ಡ್‌ಬೋರ್ಡ್ ತುಂಡು, ಒಂದೊಂದೂ ಎರಡಡಿ ಅಗಲ ಎರಡಡಿ ಉದ್ದ. ಮೊದಲು ಬಿಳಿ ಪ್ರೈಮರ್, ಒಣಗಿದ ಮೇಲೆ ಬಣ್ಣ ಎರಡು ಕೋಟ್, ಗೋಡೆಗೆ ಬಳಸುವ ರೋಲರ್‌ನಿಂದಲೇ. ಬ್ರಷ್‌ನ ಗೆರೆಗಳು ನೆರಳು ಹಿಡಿದು ಬಣ್ಣವನ್ನು ಗಾಢವಾಗಿ ತೋರಿಸುತ್ತವೆ. ಒಂದು ರಾತ್ರಿ ಒಣಗಲಿ. ಬೆಳಿಗ್ಗೆ ಒಂದೇ ಬಣ್ಣದ ಎರಡು ರಟ್ಟುಗಳನ್ನು ಕೋಣೆಯ ಮೂಲೆಗೆ ಒರಗಿಸಿ, ಒಂದು ಈ ಗೋಡೆಗೆ, ಇನ್ನೊಂದು ಆ ಗೋಡೆಗೆ, ತುದಿಗೆ ತುದಿ ತಾಗುವಂತೆ. ಕೆಳಅಂಚು ನೆಲಕ್ಕೆ ಮುಟ್ಟಲಿ, ನೆಲದ ಬಣ್ಣ ಏರುವುದು ಅಲ್ಲಿಯೇ. ಹಿಂದಿನ ಹಳೆಯ ಬಣ್ಣ ಕಾಣದಂತೆ ಒಂದು ಬಿಳಿ ಪಂಚೆ ಇಳಿಬಿಡಿ. ಈಗ ಆ ಎರಡು ರಟ್ಟು ಸೇರುವ ಸಂದನ್ನು ನೋಡಿ: ನಾಳೆ ಇಡೀ ಕೋಣೆಗೆ ಬರುವ ಬಣ್ಣದ ಸುಳಿವು ಆ ಸಂದಿನಲ್ಲಿದೆ, ರಟ್ಟಿನ ನಡುಭಾಗದಲ್ಲಿಲ್ಲ.

ಎರಡನೆಯ ಬಣ್ಣವನ್ನು ಆ ಹೊತ್ತು ಕೋಣೆಯಿಂದ ಆಚೆ ಇಡಿ. ಗೋಡೆಯಾದ ಮೇಲೆ ನೀವು ಬದುಕುವುದು ಒಂದರ ಜೊತೆ ಮಾತ್ರ. ಒಂದು ದಿನ ಇದು, ಮರುದಿನ ಅದು. ಬೆಳಿಗ್ಗೆ, ನಡುಹಗಲು, ದೀಪ ಹಾಕಿದ ಮೇಲೆ ಮೂರು ಸಲ ನೋಡಿ. ಕೋಣೆಯನ್ನು ನೀವು ಹೆಚ್ಚು ಬಳಸುವ ಹೊತ್ತಿನ ನೋಟಕ್ಕೆ ಹೆಚ್ಚು ಬೆಲೆ ಕೊಡಿ. ಬೆಳಿಗ್ಗೆ ಎಂಟಕ್ಕೆ ಬೀಗ ಹಾಕಿ ಹೋಗುವ ದಂಪತಿಗೆ ಮಧ್ಯಾಹ್ನದ ಬೆಳಕಿನಿಂದ ಏನಾಗಬೇಕಿದೆ?

ಪೇಂಟರ್ ಒಂದು ಕೋಟ್ ಹೊಡೆದು 'ನೋಡಿ ಸಾರ್, ಓಕೆನಾ' ಎನ್ನುತ್ತಾರೆ. ಆಗಲೇ ಒಪ್ಪಬಹುದೇ?

'ನಾಳೆ ಹೇಳುತ್ತೇನೆ' ಎನ್ನಿ. ಎಮಲ್ಷನ್‌ನ ಅಂಟು ಹಸಿಯಿದ್ದಾಗ ಹಾಲಿನಂತೆ ಬೆಳ್ಳಗಿರುತ್ತದೆ, ಒಣಗಿದಾಗ ಪಾರದರ್ಶಕವಾಗುತ್ತದೆ. ಆದ್ದರಿಂದ ಒಣಗಿದ ಬಣ್ಣ ಸಾಮಾನ್ಯವಾಗಿ ಹಸಿಗಿಂತ ಒಂದು ಮಟ್ಟ ಗಾಢ. ಮೊದಲ ಕೋಟಿನಲ್ಲಿ ಪುಟ್ಟಿಯ ಬಿಳಿಯೂ ಇಣುಕುತ್ತಿರುತ್ತದೆ. ಅರ್ಧ ಗೋಡೆ ಒಣಗಿ ಅರ್ಧ ಹಸಿಯಿರುವಾಗ ಮನೆಯವರು ಗಾಬರಿಯಾಗುವುದು ಸಹಜ. ಪೇಂಟರ್ ಮೇಲೆ ಕೂಗಾಡುವುದು ಬೇಡ.

ಮನೆಯಲ್ಲಿ ಅತ್ತೆಯವರಿಗೆ ಒಂದು, ನನಗೆ ಇನ್ನೊಂದು ಇಷ್ಟ. ಹಾಲ್‌ಗೆ ಒಂದು, ಕೋಣೆಗೆ ಒಂದು ಹೊಡೆಸಿದರೆ?

ರಾಜಿ ಒಳ್ಳೆಯದು, ಆದರೆ ಈ ರಾಜಿ ಗೋಡೆಗೆ ಒಗ್ಗುವುದಿಲ್ಲ. ಇಷ್ಟು ಹತ್ತಿರದ ಎರಡು ಬಣ್ಣಗಳು ತೆರೆದ ಬಾಗಿಲಿನಲ್ಲಿ ಒಟ್ಟಿಗೆ ಕಂಡರೆ ನೋಡಿದವರು 'ಬಣ್ಣ ಸಾಲದೆ ಬೇರೆ ತಂದರೇನೋ' ಎಂದುಕೊಳ್ಳುತ್ತಾರೆ. ಬೇರೆ ಬೇರೆ ಎಂದು ಗೊತ್ತಾಗುವಷ್ಟು ದೂರದ ಬಣ್ಣ ಆರಿಸಿ, ಇಲ್ಲವೇ ಎಲ್ಲ ಕಡೆಗೂ ಒಂದೇ ಇರಲಿ. ಬಾಗಿಲು ಮುಚ್ಚಿಯೇ ಇರುವ ಮಹಡಿಯ ಕೋಣೆಯಾದರೆ ಅತ್ತೆಯವರ ಮಾತು ನಡೆಯಲಿ. ನಡುಮನೆಯಲ್ಲಿ ದಿನವಿಡೀ ಕೂರುವವರು ಅವರೇ ಆಗಿದ್ದರೆ ಅಲ್ಲಿಯೂ ಅವರದೇ ನಡೆಯಬೇಕು ಎಂಬುದು ನನ್ನ ಪಕ್ಷ.

## ಇನ್ನಷ್ಟು ಒಳಗೆ

ಕಾರ್ಡಿನ ಹಿಂದೆ ಎಲ್‌ಆರ್‌ವಿ ಎಂದು ಅಂಕಿ ಇದೆ. ಅದರಿಂದ ಆರಿಸಬಹುದೇ?

ಆ ಬಣ್ಣ ಎಷ್ಟು ಬೆಳಕನ್ನು ಹಿಂದಕ್ಕೆ ಕೊಡುತ್ತದೆ ಎಂಬ ಅಳತೆ ಅದು. ಅಚ್ಚ ಕಪ್ಪಿಗೆ 0, ಪರಿಪೂರ್ಣ ಬಿಳಿಗೆ 100. 72 ಎಂದಿದ್ದರೆ ಬಿದ್ದ ಬೆಳಕಿನಲ್ಲಿ ಸುಮಾರು ಶೇಕಡ 72 ಭಾಗ ವಾಪಸ್. ಕತ್ತಲೆ ಕೋಣೆಯಲ್ಲಿ 72 ಮತ್ತು 65ರ ನಡುವೆ ಆಯ್ಕೆಯಿದ್ದರೆ 72 ತೆಗೆದುಕೊಳ್ಳಿ. ಎರಡೂ 70ರ ಆಸುಪಾಸಿನಲ್ಲೇ ಇದ್ದರೆ ಈ ಅಂಕಿಯಿಂದ ಉಪಯೋಗವಿಲ್ಲ. ಗುಲಾಬಿಯೋ ಹಸಿರೋ ಎಂಬುದನ್ನು ಅದು ಹೇಳುವುದೇ ಇಲ್ಲ.

ಒಂದೇ ಕೋಡ್, ಒಂದೇ ಕಂಪನಿ. ತಂಗಿಯ ಮನೆಯಲ್ಲಿ ಬೇರೆಯೇ ಕಾಣುತ್ತದೆ.

ಹೊಳಪು ನೋಡಿ. ಮ್ಯಾಟ್ ಬಣ್ಣ ಬೆಳಕನ್ನು ಎಲ್ಲ ಕಡೆ ಚೆದುರಿಸುವುದರಿಂದ ತುಸು ತೆಳುವಾಗಿ, ಪುಡಿ ಪುಡಿಯಾಗಿ ಕಾಣುತ್ತದೆ. ಹೊಳಪಿನ ಬಣ್ಣದಲ್ಲಿ ಅದೇ ಕೋಡ್ ಗಾಢವಾಗಿಯೂ ಗಟ್ಟಿಯಾಗಿಯೂ ಕಾಣುತ್ತದೆ, ಜೊತೆಗೆ ಗೋಡೆಯ ಉಬ್ಬುತಗ್ಗುಗಳನ್ನು ಎತ್ತಿ ತೋರಿಸುತ್ತದೆ. ಸ್ಯಾಂಪಲ್ ನೋಡುವಾಗಲೇ ನೀವು ಕೊಳ್ಳಲಿರುವ ಹೊಳಪಿನಲ್ಲೇ ನೋಡಬೇಕು.

ಬಣ್ಣ ಒಪ್ಪಿಗೆಯಾಯಿತು, ಆದರೆ ಸ್ವಲ್ಪ ಗಾಢ. ಪೇಂಟರ್ ಬಿಳಿ ಬೆರೆಸಿ ಸರಿಮಾಡುತ್ತೇನೆ ಎನ್ನುತ್ತಾರೆ.

ಬಕೆಟ್‌ನಲ್ಲಿ ಬೆರೆಸಿದ್ದು ಆ ಬಕೆಟ್‌ನೊಂದಿಗೆ ಮುಗಿಯುತ್ತದೆ, ಮತ್ತೆ ಅದೇ ಹದ ಬರುವುದಿಲ್ಲ. ಅಂಗಡಿಯಲ್ಲಿ ಅದೇ ಕೋಡನ್ನು ಅರ್ಧ ಪ್ರಮಾಣದ ಟಿಂಟ್‌ನಲ್ಲಿ ಮಾಡಿಕೊಡಿ ಎಂದು ಕೇಳಿ. ಯಂತ್ರ ಆಕ್ಸೈಡ್‌ಗಳನ್ನು ಅರ್ಧಕ್ಕಿಳಿಸುತ್ತದೆ, ಮುಂದೆ ಬೇಕಾದಾಗ ಮತ್ತೆ ಅದೇ ಲೆಕ್ಕ ಸಿಗುತ್ತದೆ.

ಬೇರೆ ಕಂಪನಿಯಲ್ಲಿ ಇದೇ ಬಣ್ಣ ಅಗ್ಗವಾಗಿ ಮಾಡಿಕೊಡುತ್ತಾರಂತೆ. ತರಬಹುದೇ?

ಇಡೀ ಮನೆಗೆ ತರುವುದಾದರೆ ತನ್ನಿ. ಅರ್ಧ ಆದ ಮೇಲೆ ಉಳಿದರ್ಧಕ್ಕೆ ಬೇಡ. ಎರಡು ಕಂಪನಿಗಳು ಬೇರೆ ಬೇರೆ ಬಣ್ಣಪುಡಿಗಳಿಂದ ಒಂದೇ ಬಣ್ಣವನ್ನು ಸಾಧಿಸಿದಾಗ ಅವು ಒಂದು ಬೆಳಕಿನಲ್ಲಿ ಒಂದಾಗಿ, ಇನ್ನೊಂದು ಬೆಳಕಿನಲ್ಲಿ ಬೇರೆಯಾಗಿ ಕಾಣಬಹುದು. ಅಂಗಡಿಯ ಟ್ಯೂಬ್‌ಲೈಟಿನಡಿ ಹೊಂದಿದ್ದು ಮನೆಯ ಬಿಸಿಲಿನಲ್ಲಿ ಹೊಂದುವುದಿಲ್ಲ ಎಂಬ ದೂರಿಗೆ ಇದೂ ಒಂದು ಕಾರಣ.

ಹೊಸ ಮನೆ. ಒಂದೇ ಡಬ್ಬಿಯ ಬಣ್ಣ ಒಂದು ಗೋಡೆಯಲ್ಲಿ ಮಾತ್ರ ತೇಪೆ ತೇಪೆಯಾಗಿದೆ.

ಗಾರೆ ಒಣಗಿಲ್ಲ. ಹಸಿ ಸಿಮೆಂಟಿನಲ್ಲಿ ಕ್ಷಾರ ಹೆಚ್ಚು. ಕನಿಷ್ಠ 28 ದಿನ ಬಿಟ್ಟು, ಮುಟ್ಟಿದರೆ ತಣ್ಣಗಾಗದಷ್ಟು ಒಣಗಿದ ಮೇಲೆ ಪ್ರೈಮರ್ ಹಚ್ಚಬೇಕು. ಗಡಸು ಕೊಳವೆಬಾವಿ ನೀರಿನಿಂದ ಕ್ಯೂರಿಂಗ್ ಮಾಡಿದ ಗೋಡೆಯಲ್ಲಿ ಬಿಳಿ ಉಪ್ಪು ಕೂಡ ಮೇಲೇಳುತ್ತದೆ. ಒಣ ಬ್ರಷ್‌ನಿಂದ ಉದುರಿಸಿ, ತೇವ ಎಲ್ಲಿಂದ ಬರುತ್ತಿದೆ ನೋಡಿ. ಗಂಧ, ಬಿಸ್ಕತ್ತುಗಳಿಗೆ ಒಂದು ಅನುಕೂಲವಿದೆ: ಕಬ್ಬಿಣದ ಆಕ್ಸೈಡ್‌ಗಳು ಕ್ಷಾರಕ್ಕೂ ಬಿಸಿಲಿಗೂ ಚೆನ್ನಾಗಿ ತಡೆದುಕೊಳ್ಳುತ್ತವೆ.

ಇಷ್ಟೆಲ್ಲ ನೋಡಿದೆವು, ಇನ್ನೂ ತೀರ್ಮಾನವಾಗಲಿಲ್ಲ.

ಹಾಗಾದರೆ ನಿಮ್ಮ ಕೋಣೆಯಲ್ಲಿ ಅವೆರಡೂ ಒಂದೇ. ಬಣ್ಣದ ಅಂತರವನ್ನು ಅಳೆಯಲು ಅಂತರರಾಷ್ಟ್ರೀಯ ಮಾನಕ 1976ರಿಂದ ಇದೆ; ಆ ಅಳತೆಯಲ್ಲಿ ಅಂತರ ಒಂದರ ಸುತ್ತಮುತ್ತ ಇದ್ದರೆ ಅಕ್ಕಪಕ್ಕ ಇಟ್ಟಾಗಲೂ ಪಳಗಿದ ಕಣ್ಣಿಗೆ ಅಷ್ಟಿಷ್ಟು ಕಂಡೀತು. ಬೇರೆ ಬೇರೆ ದಿನ ನೋಡಿದರೆ ಯಾರಿಗೂ ಕಾಣದು. ಕಡಿಮೆ ಬಣ್ಣವಿರುವುದನ್ನು ತೆಗೆದುಕೊಂಡು ಪೇಂಟರ್‌ಗೆ ದಿನ ಹೇಳಿ.

ಎಷ್ಟು ಲೀಟರ್ ತರಬೇಕು? ಮುಂದೆ ತೇಪೆ ಹಚ್ಚಲು ಉಳಿಸಿಕೊಳ್ಳಬೇಕೇ?

10×12 ಅಡಿ ಕೋಣೆ, 10 ಅಡಿ ಎತ್ತರ ಎಂದರೆ ಗೋಡೆ 440 ಚದರಡಿ. ಬಾಗಿಲು ಕಿಟಕಿ ಕಳೆದರೆ ಸುಮಾರು 380. ಪುಟ್ಟಿ ಹಾಕಿದ ಗೋಡೆಗೆ ಎರಡು ಕೋಟಿಗೆ ಲೀಟರಿಗೆ 60ರಿಂದ 80 ಚದರಡಿ ಎಂದಿಟ್ಟುಕೊಂಡರೆ ಐದಾರು ಲೀಟರ್. ನಿಮ್ಮ ಡಬ್ಬಿಯ ಮೇಲೆ ಬರೆದದ್ದೇ ಅಂತಿಮ. ಎಲ್ಲವನ್ನೂ ಒಂದೇ ದಿನ ಟಿಂಟ್ ಮಾಡಿಸಿ, ಕೆಲಸ ಶುರುವಾಗುವ ಮೊದಲು ಡಬ್ಬಿಗಳನ್ನು ದೊಡ್ಡ ಬಕೆಟ್‌ಗೆ ಸುರಿದು ಕಲಸಿಸಿ. ಡಬ್ಬಿಯಿಂದ ಡಬ್ಬಿಗೆ ಕೂದಲೆಳೆಯ ವ್ಯತ್ಯಾಸ ಇದ್ದೇ ಇರುತ್ತದೆ. ಉಳಿದದ್ದನ್ನು ಗಾಳಿಯಾಡದ ಚಿಕ್ಕ ಡಬ್ಬಿಯಲ್ಲಿ ತುಂಬಿಡಿ. ಮುಚ್ಚಳದ ಮೇಲಿನ ಚೀಟಿಯಲ್ಲಿ ಕೋಡ್, ಬೇಸ್, ಹೊಳಪು, ಟಿಂಟ್ ಅರ್ಧವೋ ಪೂರ್ತಿಯೋ ಎಲ್ಲ ಇರುತ್ತದೆ. ಅದನ್ನು ಕಿತ್ತು ಬೀರುವಿನ ಬಾಗಿಲಿನ ಒಳಮೈಗೆ ಅಂಟಿಸಿ, ಮೂಲೆಯಲ್ಲಿ ತಾರೀಕು ಬರೆದಿಡಿ.